‘ಇಲ್ಲ’ ಅಂದದ್ದನ್ನೂ ಬರೆದಿಡಿ: ತುಮಕೂರು ಜಿಲ್ಲೆಯಲ್ಲಿ ಕಾರಿನ ಬಿಡಿಭಾಗ ವಿತರಣೆ ಕಟ್ಟಿದ ಬಗೆ

ಒಂದು ಕಾರು ಕಂಪನಿಯ ಬಿಡಿಭಾಗ ಮತ್ತು ಆಕ್ಸೆಸರಿಗಳನ್ನು ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳಿಗೆ ತಲುಪಿಸುವುದು ನಮ್ಮ ಕೆಲಸ. ಕಾಗದದ ಮೇಲೆ ಇದು ಸರಳ: ಕಂಪನಿಯ ಮುಖ್ಯ ಗೋದಾಮು, ಬೆಂಗಳೂರು ಕಡೆಯ ಡಿಪೊ, ಅದರ ಕೆಳಗೆ ನಾವು, ನಮ್ಮ ಕೆಳಗೆ ತಾಲ್ಲೂಕಿನ ಸ್ಟಾಕಿಸ್ಟ್, ಕೊನೆಗೆ ಗ್ಯಾರೇಜ್. ಆದರೆ ಬಾನೆಟ್ ತೆರೆದುಕೊಂಡು ಕಾರು ನಿಂತಿರುವುದು ಆ ಕೊನೆಯ ಜಾಗದಲ್ಲಿ. ಅಲ್ಲಿಂದ ಮೆಕ್ಯಾನಿಕ್ ಫೋನ್ ಮಾಡಿದಾಗ ನಾವು ‘ಇದೆ’ ಅಂತೀವೋ ‘ಇಲ್ಲ’ ಅಂತೀವೋ ಅನ್ನುವುದರ ಮೇಲೆ ವ್ಯಾಪಾರ ನಿಂತಿದೆ. ಎರಡು ಸಲ ‘ಇಲ್ಲ’ ಕೇಳಿಸಿಕೊಂಡವರು ಮೂರನೇ ಸಲ ನಮಗೆ ಫೋನ್ ಮಾಡುವುದಿಲ್ಲ.

ಹಾಗಾಗಿ ನಾವು ಮೊದಲು ಮಾಡಿದ್ದು ಗೋಡೌನ್ ಹುಡುಕುವುದಲ್ಲ, ಕೌಂಟರ್ ಮೇಲೆ ಒಂದು 200 ಪುಟದ ನೋಟ್‌ಬುಕ್ ಇಡುವುದು. ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮಾರಿದ್ದು ಮಾತ್ರ ಗೊತ್ತು, ಮಾರಲಾಗದೆ ಹೋದದ್ದು ಗೊತ್ತಿಲ್ಲ. ಅದನ್ನು ಕೈಯಲ್ಲೇ ಬರೆಯಬೇಕು. ತಾರೀಕು, ಕೇಳಿದ ಊರು, ಕಾರು ಮತ್ತು ಭಾಗ, ಎಷ್ಟು, ನಾವು ‘ಇಲ್ಲ’ ಅಂದ ಮೇಲೆ ಅವರು ಏನು ಮಾಡಿದರು: ಐದು ಅಂಕಣ. ಒಂದು ಪುಟ ಹೀಗಿರುತ್ತದೆ: “ಪಾವಗಡ, ಏರ್ ಫಿಲ್ಟರ್, 2, ಹಿಂದೂಪುರದಿಂದ ತರಿಸಿಕೊಂಡರು.” “ಶಿರಾ, ಡೀಸೆಲ್ ಕ್ಲಚ್ ಸೆಟ್, 1, ನಾಳೆವರೆಗೆ ಕಾಯ್ತಾರೆ.” “ಕುಣಿಗಲ್, ಕ್ಲೀನರ್ ಸೈಡ್ (ಡ್ರೈವರ್ ಕೂರದ ಬದಿ) ಹೆಡ್‌ಲೈಟ್, 1, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರು.” ಐದನೇ ಅಂಕಣವೇ ಇದರಲ್ಲಿ ಬೆಲೆಬಾಳುವುದು. ಕಾಯುತ್ತೇನೆ ಅಂದ ಭಾಗವನ್ನು ಶೆಲ್ಫಿನಲ್ಲಿ ಇಡಬೇಕಾಗಿಲ್ಲ, ನಾಳೆ ತರಿಸಿಕೊಟ್ಟರೆ ಸಾಕು. ಕಾಯದೆ ಬೇರೆ ಕಡೆ ಹೋಗುವ ಭಾಗ ಮಾತ್ರ ಹತ್ತಿರದಲ್ಲೇ ಇರಬೇಕು. ಈ ಒಂದು ಭೇದ ತಿಳಿಯದೆ ಎಲ್ಲವನ್ನೂ ತುಂಬಿಸಲು ಹೊರಟರೆ ದುಡ್ಡೆಲ್ಲ ರ‍್ಯಾಕಿನಲ್ಲಿ ಧೂಳು ಹಿಡಿಯುತ್ತದೆ.

ಕಾರುಗಳ ಲೆಕ್ಕ

ಜಿಲ್ಲೆಯಲ್ಲಿ ಮೂರು ಆರ್‌ಟಿಒ ನಂಬರ್‌ಗಳಿವೆ: ತುಮಕೂರು ಕೆಎ-06, ತಿಪಟೂರು ಕೆಎ-44, ಮಧುಗಿರಿ ಕೆಎ-64. ಕೇಂದ್ರದ ‘ವಾಹನ್’ ಡ್ಯಾಶ್‌ಬೋರ್ಡ್‌ನಲ್ಲಿ ಆರ್‌ಟಿಒವಾರು, ಕಂಪನಿವಾರು, ವರ್ಷವಾರು ನೋಂದಣಿ ಯಾರು ಬೇಕಾದರೂ ನೋಡಬಹುದು. ನಾವು ಹಲವು ವರ್ಷದ ಅಂಕಿಗಳನ್ನು ಇಳಿಸಿಕೊಂಡು ಮೂರು ಪಾಲು ಮಾಡಿದೆವು. ಮೂರು ವರ್ಷದೊಳಗಿನ ಕಾರು ವಾರಂಟಿಯಲ್ಲಿ ಇರುವುದರಿಂದ ಡೀಲರ್ ವರ್ಕ್‌ಶಾಪಿಗೇ ಹೋಗುತ್ತದೆ. ಹೊರಗಿನ ಅಂಗಡಿಗೆ ಅದರಿಂದ ಬರುವುದು ಹೆಚ್ಚಾಗಿ ಸೀಟ್ ಕವರ್, ಮ್ಯಾಟ್. ನಾಲ್ಕರಿಂದ ಹತ್ತು ವರ್ಷದ್ದು ಗ್ಯಾರೇಜಿನ ಕಾರು: ಬ್ರೇಕ್, ಕ್ಲಚ್, ಸಸ್ಪೆನ್ಷನ್ ಬುಷ್, ಲಿಂಕ್ ರಾಡ್, ವೀಲ್ ಬೇರಿಂಗ್ ಎಲ್ಲ ಅದಕ್ಕೇ. ಹತ್ತು ದಾಟಿದ ಕಾರಿನ ಮಾಲೀಕ ಮೊದಲು ರೇಟು ಕೇಳುತ್ತಾನೆ, ಅಲ್ಲಿ ಲೋಕಲ್ ಮಾಲಿನ ಜತೆ ನೇರ ಪೈಪೋಟಿ.

ಆದರೆ ನಂಬರ್ ಪ್ಲೇಟ್ ನಂಬಿ ಕೂರುವ ಹಾಗಿಲ್ಲ. ಬೆಂಗಳೂರು ಇಲ್ಲಿಂದ 70 ಕಿ.ಮೀ. ಆಸುಪಾಸು. ಸೆಕೆಂಡ್ ಹ್ಯಾಂಡ್ ಕಾರುಗಳು ಬಹಳಷ್ಟು ಅಲ್ಲಿಂದಲೇ ಬರುತ್ತವೆ, ಕೆಎ-02, ಕೆಎ-04 ಪ್ಲೇಟಿನಲ್ಲೇ ಇಲ್ಲಿ ಓಡುತ್ತವೆ. ಅದಕ್ಕೆ ಪ್ರತಿ ತಾಲ್ಲೂಕಿನಲ್ಲೂ ಐದಾರು ಗ್ಯಾರೇಜುಗಳ ಮುಂದೆ ಒಂದು ವಾರ ನಿಂತ ಕಾರುಗಳನ್ನು ಎಣಿಸಿ, ಮಾದರಿ ಮತ್ತು ವರ್ಷ ಬರೆದುಕೊಂಡೆವು. ವಾಹನ್ ಲೆಕ್ಕಕ್ಕೂ ಇದಕ್ಕೂ ದೊಡ್ಡ ಅಂತರ ಕಂಡದ್ದು ಡೀಸೆಲ್ ಕಾರುಗಳಲ್ಲಿ. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಆದರೆ ಅದರ ಹಳೇ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳು ಹಳ್ಳಿ ರಸ್ತೆಯಲ್ಲಿ ದಿನವೂ ದುಡಿಯುತ್ತಿವೆ. ಮಾದರಿ ನಿಂತರೆ ಬೇಡಿಕೆ ನಿಲ್ಲುವುದಿಲ್ಲ, ಮುಂದಿನ ಏಳೆಂಟು ವರ್ಷ ಅದು ಏರುತ್ತಲೇ ಇರುತ್ತದೆ. ಹೊಸ ಕಾರಿನ ಮಾರಾಟ ನೋಡಿ ಬಿಡಿಭಾಗದ ಸ್ಟಾಕ್ ತೀರ್ಮಾನಿಸುವವರು ಇಲ್ಲೇ ಎಡವುವುದು.

ದಾರಿಗಳು

ನಕ್ಷೆಯಲ್ಲಿ ತುಮಕೂರು ನಡುವೆ ಇದ್ದ ಹಾಗೆ ಕಂಡರೂ ಸಾಗಣೆಗೆ ನಡುವಲ್ಲ. ಗುಬ್ಬಿ, ಕೊರಟಗೆರೆ ಹತ್ತಿರ. ಶಿರಾ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಸುಮಾರು 50 ಕಿ.ಮೀ., ಹೋಗಿಬರುವುದು ಸುಲಭ. ಪಾವಗಡ ಮಾತ್ರ ಮಧುಗಿರಿ ದಾಟಿ ಸುಮಾರು 100 ಕಿ.ಮೀ. ದೂರ, ಸುತ್ತಲೂ ಹೆಚ್ಚುಕಡಿಮೆ ಆಂಧ್ರ. ಅಲ್ಲಿನ ಮೆಕ್ಯಾನಿಕ್‌ಗೆ ನಮಗಿಂತ ಹಿಂದೂಪುರ ಹತ್ತಿರ.

ಪಡುವಣ ಕಡೆಗೆ ನಮಗೆ ಕೀಲಿ ಸಿಕ್ಕಿದ್ದು ಕೆ.ಬಿ. ಕ್ರಾಸ್ (ಕಿಬ್ಬನಹಳ್ಳಿ ಕ್ರಾಸ್). ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಗುಬ್ಬಿ ದಾಟಿ ಹೋದರೆ ಸಿಗುವ ಈ ಕೂಡುರಸ್ತೆಯಲ್ಲಿ ನೇರ ಹೋದರೆ ತಿಪಟೂರು, ಬಲಕ್ಕೆ ಚಿಕ್ಕನಾಯಕನಹಳ್ಳಿ, ಎಡಕ್ಕೆ ತುರುವೇಕೆರೆ. ಮೂರು ತಾಲ್ಲೂಕಿಗೂ ವ್ಯಾನ್ ಸುತ್ತಿಸುವ ಬದಲು ಕ್ರಾಸಿನಲ್ಲಿ ಚೀಲಗಳನ್ನು ಇಳಿಸಿ, ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆ ಸ್ಟಾಕಿಸ್ಟ್‌ಗಳು ಬೈಕಿನಲ್ಲಿ ಬಂದು ಒಯ್ಯುವ ಹಾಗೆ ಹೊತ್ತು ಗೊತ್ತು ಮಾಡಿದೆವು. ವ್ಯಾನ್ ನೇರ ತಿಪಟೂರಿಗೆ ಹೋಗಿ ವಾಪಸ್. ಊರಿಗೊಂದು ಬಣ್ಣದ ಟ್ಯಾಗ್ ಕಟ್ಟಿ, ಟ್ಯಾಗಿನ ಮೇಲೆ ಪೆಟ್ಟಿಗೆಗಳ ಎಣಿಕೆಯನ್ನು “1/3, 2/3, 3/3” ಎಂದು ಬರೆಯಬೇಕು. ಇಷ್ಟು ಬರೆಯದಿದ್ದರೆ ತುರುವೇಕೆರೆಯ ಶಾಕ್ ಅಬ್ಸಾರ್ಬರ್ ತಿಪಟೂರು ನೋಡಿಕೊಂಡು ಬರುತ್ತದೆ.

ಯಾವ ದಾರಿಗೆ ದಿನವೂ ಹೋಗಬೇಕು, ಯಾವುದಕ್ಕೆ ವಾರಕ್ಕೆರಡು ಸಲ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಪಾವಗಡಕ್ಕೆ ಹೋಗಿಬರಲು 210 ಕಿ.ಮೀ. ಎಂದಿಟ್ಟುಕೊಳ್ಳಿ. ವ್ಯಾನ್ ಲೀಟರ್‌ಗೆ 15 ಕಿ.ಮೀ. ಕೊಟ್ಟರೆ 14 ಲೀಟರ್ ಡೀಸೆಲ್, ಲೀಟರ್‌ಗೆ 90 ರೂಪಾಯಿಯಂತೆ 1,260. ಡ್ರೈವರ್ ಕೂಲಿ 900, ಟೈರು-ಆಯಿಲ್ ಸವಕಳಿ 240. ಒಟ್ಟು 2,400 ರೂಪಾಯಿ. ಅಂದಿನ ಬಿಲ್ಲು 60,000 ಇದ್ದರೆ ಸಾಗಣೆ 4%, ತಡೆದುಕೊಳ್ಳಬಹುದು. ಬಿಲ್ಲು 25,000ಕ್ಕೆ ಇಳಿದರೆ ಸುಮಾರು 10%, ಲಾಭವೆಲ್ಲ ರಸ್ತೆಯಲ್ಲೇ ಕರಗುತ್ತದೆ. ಅದಕ್ಕೆ ಪಾವಗಡಕ್ಕೆ ವಾರಕ್ಕೆ ಎರಡು ವ್ಯಾನ್, ನಡುವಿನ ತುರ್ತಿಗೆ ಬಸ್ ಪಾರ್ಸಲ್. ಬಸ್ಸಿಗೆ ಹಾಕುವಾಗ ಗಾಜು, ಬಂಪರ್, ಹೆಡ್‌ಲೈಟ್ ಬೇಡ. ಫಿಲ್ಟರ್, ಪ್ಯಾಡ್, ಬೇರಿಂಗ್, ಕ್ಲಚ್ ಸೆಟ್ ಕಳಿಸಬಹುದು. ಬಸ್ ಹೊರಟ ತಕ್ಷಣ ರಸೀದಿಯ ಫೋಟೊ ಅವರ ಮೊಬೈಲಿಗೆ ಹೋಗಬೇಕು.

ಯಾವ ಸರಕು ಎಷ್ಟು

ಸ್ಟಾಕಿಸ್ಟ್ ಶೆಲ್ಫಿಗೆ ನಮ್ಮ ನಿಯಮ ಇದು. ಆ ಊರಿನಲ್ಲಿ ಕಳೆದ ಆರು ತಿಂಗಳ ಪೈಕಿ ಮೂರು ತಿಂಗಳಾದರೂ ಕೇಳಿಬಂದ ಭಾಗ ಅಲ್ಲೇ ಇರಬೇಕು. ಒಂದೆರಡು ತಿಂಗಳು ಕೇಳಿದ್ದು ತುಮಕೂರಿನ ಮುಖ್ಯ ಗೋಡೌನಿನಲ್ಲಿ. ಒಮ್ಮೆಯೂ ಕೇಳದ್ದು ಚಾಸಿ ನಂಬರ್ (ಪ್ರತಿ ಕಾರಿಗೂ ಬೇರೆಯಾದ ಗುರುತಿನ ಸಂಖ್ಯೆ) ಕೊಟ್ಟ ಮೇಲೆ ಡಿಪೊದಿಂದ. ‘ಕೇಳಿದ್ದು’ ಎಂದರೆ ಮಾರಿದ್ದು ಮತ್ತು ‘ಇಲ್ಲ’ ಪುಸ್ತಕ ಎರಡೂ ಸೇರಿ. ಎಷ್ಟು ಪೀಸ್ ಹೋಯಿತು ಅನ್ನುವುದಕ್ಕಿಂತ ಎಷ್ಟು ಸಲ ಕೇಳಿದರು ಅನ್ನುವುದನ್ನು ನೋಡಬೇಕು. ಯಾರೋ ಒಬ್ಬರು ಒಂದೇ ದಿನ ಎಂಟು ಇಂಜೆಕ್ಟರ್ ವಾಷರ್ ಒಯ್ದರೆ ಅದು ಓಡುವ ಮಾಲಲ್ಲ.

ಓಡುವ ಮಾಲಿನ ಲೆಕ್ಕಕ್ಕೆ ಆಯಿಲ್ ಫಿಲ್ಟರನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಸರಾಸರಿ 6 ಹೋಗುತ್ತದೆ, ವಾರಕ್ಕೊಮ್ಮೆ ಆರ್ಡರ್ ಹಾಕುತ್ತೇವೆ, ಆರ್ಡರ್ ಆದ 3 ದಿನಕ್ಕೆ ಮಾಲು ಬರುತ್ತದೆ ಎಂದುಕೊಳ್ಳಿ. ಅಂದರೆ ಇವತ್ತಿನ ಆರ್ಡರ್ 7 ಮತ್ತು 3, ಒಟ್ಟು 10 ದಿನಕ್ಕೆ ಸಾಲಬೇಕು: 60 ಫಿಲ್ಟರ್. ಆರು ತಿಂಗಳ ಬಿಲ್ಲು ತೆಗೆದು, ಯಾವ ಹತ್ತು ದಿನದಲ್ಲಿ ಅತಿ ಹೆಚ್ಚು ಹೋಗಿತ್ತು ನೋಡಿ. ಅದು 78 ಇದ್ದರೆ 18 ನಮ್ಮ ಎಚ್ಚರಿಕೆಯ ದಾಸ್ತಾನು, 78 ನಮ್ಮ ಗುರಿ. ಆರ್ಡರ್ ದಿನ ಕೈಯಲ್ಲಿ 31, ದಾರಿಯಲ್ಲಿ 12 ಇದ್ದರೆ 78ರಲ್ಲಿ 43 ಕಳೆದು 35. ಪ್ಯಾಕ್ 10ರದಾದರೆ 40. ದಾರಿಯಲ್ಲಿರುವ 12ನ್ನು ಕಳೆಯಲು ಮರೆಯುವುದು ಅತಿ ಸಾಮಾನ್ಯ ತಪ್ಪು. ವಾರವಾರವೂ ಮರೆತರೆ ಒಂದೇ ತಿಂಗಳಲ್ಲಿ ಫಿಲ್ಟರ್ ಇಡಲು ಜಾಗ ಇರುವುದಿಲ್ಲ, ಬ್ರೇಕ್ ಪ್ಯಾಡ್ ತರಿಸಲು ದುಡ್ಡಿರುವುದಿಲ್ಲ.

ರೇಡಿಯೇಟರ್, ಬಾಗಿಲು, ಗಾಜು, ಸ್ಟೀರಿಂಗ್ ರ‍್ಯಾಕ್ ಇಂಥವಕ್ಕೆ ಈ ಸೂತ್ರ ಹೊಂದುವುದಿಲ್ಲ. ಜಿಲ್ಲೆಗೆಲ್ಲ ವರ್ಷಕ್ಕೆ ಐದು ಹೋಗುವ ಭಾಗ ಮುಖ್ಯ ಗೋಡೌನಿನಲ್ಲಿ ಒಂದೇ ಒಂದು ಇರಲಿ, ಅದು ಹೋದ ದಿನವೇ ಇನ್ನೊಂದಕ್ಕೆ ಆರ್ಡರ್ ಹಾಕಿ. ಏರ್‌ಬ್ಯಾಗನ್ನು ನಾವು ಇಡುವುದೇ ಇಲ್ಲ. ಸ್ಫೋಟಕ ಇರುವ ವಸ್ತು, ಚಾಸಿ ನಂಬರ್ ಮೇಲೆಯೇ ತರಿಸಬೇಕು.

ಸ್ಟಾಕಿಸ್ಟ್ ಬಳಿ ಆರು ತಿಂಗಳು ಅಲುಗದ ಭಾಗವನ್ನು ನಾವೇ ವಾಪಸ್ ತರುತ್ತೇವೆ. ಈ ಭರವಸೆ ಇಲ್ಲದಿದ್ದರೆ ಯಾವ ತಾಲ್ಲೂಕು ಅಂಗಡಿಯೂ ಫಿಲ್ಟರ್, ಪ್ಯಾಡ್ ಬಿಟ್ಟು ಬೇರೆ ಇಡಲು ಒಪ್ಪುವುದಿಲ್ಲ. ವಾಪಸ್ ಬಂದದ್ದರಲ್ಲಿ ಅರ್ಧದಷ್ಟು ಇನ್ನೊಂದು ಊರಿನ ‘ಇಲ್ಲ’ ಪುಟದಲ್ಲೇ ಇರುತ್ತದೆ. ಗೋಡೌನಿನಲ್ಲಿ ಮಾಲಾಗಿ ಕೂತ ದುಡ್ಡಿಗೂ ಬಡ್ಡಿ ಓಡುತ್ತದೆ: 40 ಲಕ್ಷದ ದಾಸ್ತಾನು ಇಟ್ಟು ವರ್ಷಕ್ಕೆ ಖರೀದಿ ಬೆಲೆಯಲ್ಲಿ 2.4 ಕೋಟಿ ಮಾರಿದರೆ ಮಾಲು ಆರು ಸುತ್ತು ತಿರುಗಿದಂತೆ. 12% ಬಡ್ಡಿಯಲ್ಲಿ ಅದರ ಭಾರ 4.8 ಲಕ್ಷ, ಮಾರಿದ ಮಾಲಿನ ಬೆಲೆಯ 2%. ಮೂರೇ ಸುತ್ತು ತಿರುಗಿದರೆ ಅದೇ ಭಾರ 4%.

ಸರಿಯಾದ ಭಾಗ

ತಪ್ಪು ಭಾಗ ಹೋದರೆ ಎರಡು ಸಲದ ಸಾಗಣೆ, ಹರಿದ ಪೆಟ್ಟಿಗೆ, ಒಂದು ದಿನ ಹೆಚ್ಚು ನಿಂತ ಕಾರು. ಫೋನಿನಲ್ಲಿ ಮಾತು ಹೀಗೆ ಶುರುವಾಗುತ್ತದೆ:

“ಅಣ್ಣಾ, ಸ್ವಿಫ್ಟ್‌ಗೆ ಮುಂದಿನ ಪ್ಯಾಡ್ ಐತಾ?”

“ಐತೆ ಅಣ್ಣ. ಆರ್‌ಸಿ ಫೋಟೊ ಹಾಕಿ, ಚಾಸಿ ನಂಬರ್ ಕಾಣೋ ಹಂಗೆ.”

“2018 ಮಾಡಲ್ ಕಣಣ್ಣ, ಅದೇನು ಫೋಟೊ.”

“2018ರಲ್ಲಿ ಎರಡು ಥರ ಐತೆ. ತಯಾರಾದ ತಿಂಗಳು ನೋಡಿ ಹೇಳ್ತೀನಿ.”

ಸ್ವಿಫ್ಟ್ 2005ರಲ್ಲಿ ಬಂತು, 2011, 2018, 2024ರಲ್ಲಿ ಹೊಸ ಪೀಳಿಗೆಗಳು ಬಂದವು. 2017ರ ಡಿಸೆಂಬರ್‌ನಲ್ಲಿ ತಯಾರಾಗಿ 2018ರ ಮಾರ್ಚ್‌ನಲ್ಲಿ ರಿಜಿಸ್ಟರ್ ಆದ ಕಾರು ಹಳೇ ಪೀಳಿಗೆಯದು. ಮಾಲೀಕ ಮಾತ್ರ 2018 ಅಂತಲೇ ಹೇಳುತ್ತಾನೆ, ಅವನ ಮಟ್ಟಿಗೆ ಅದು ನಿಜ. ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆಯೇ ಇರುತ್ತದೆ, ಅದನ್ನೇ ಹಿಡಿಯಬೇಕು. ಚಾಸಿ ನಂಬರ್ 17 ಅಕ್ಷರ-ಅಂಕಿಗಳದು. ಮೊದಲ ಮೂರು ತಯಾರಕರದು: ಮಾರುತಿ ‘ಎಂಎ3’, ಹ್ಯುಂಡೈ ‘ಎಂಎಎಲ್’, ಟಾಟಾ ‘ಎಂಎಟಿ’, ಮಹೀಂದ್ರ ‘ಎಂಎ1’. ಇದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಆದ್ದರಿಂದ ಫೋಟೊದಲ್ಲಿ ‘ಒ’ ಥರ ಕಂಡದ್ದು ಯಾವಾಗಲೂ ಸೊನ್ನೆ.

ಪಾರ್ಟ್ ನಂಬರಿನ ಮೊದಲ ಐದು ಅಂಕಿಗಳನ್ನು ಕೌಂಟರ್ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇವೆ. ಅವು ಭಾಗದ ಕುಲ ಹೇಳುತ್ತವೆ, ಮುಂದಿನವು ಮಾದರಿ. ಸುಜುಕಿ ಕ್ರಮದಲ್ಲಿ 16510 ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್. ಹ್ಯುಂಡೈ ಕ್ರಮದಲ್ಲಿ 26300 ಆಯಿಲ್ ಫಿಲ್ಟರ್, 28113 ಏರ್ ಫಿಲ್ಟರ್, 58101 ಮುಂದಿನ ಬ್ರೇಕ್ ಪ್ಯಾಡ್. ಇಪ್ಪತ್ತು ಕುಲ ಗೊತ್ತಿದ್ದರೆ ಬಿಲ್ಲಿನ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನಂಬರ್ ಬದಲಾಗುವುದು ಇನ್ನೊಂದು ಗೋಜಲು. ಕಂಪನಿ ಒಂದು ಭಾಗವನ್ನು ಸುಧಾರಿಸಿದಾಗ ಹೊಸ ನಂಬರ್ ಕೊಡುತ್ತದೆ. ಹಲವು ಸಲ ಹೊಸದು ಹಳೇ ಕಾರಿಗೆ ಕೂರುತ್ತದೆ, ಹಳೆಯದು ಹೊಸ ಕಾರಿಗೆ ಕೂರುವುದಿಲ್ಲ. ಎರಡನ್ನೂ ಒಂದೇ ಬಿನ್ನಿನಲ್ಲಿ (ಭಾಗ ಇಡುವ ಡಬ್ಬ) ಸುರಿದರೆ ಒಂದು ದಿನ ಹಳೆಯದು ಹೊಸ ಕಾರಿಗೆ ಹೋಗಿ ವಾಪಸ್ ಬರುತ್ತದೆ. ನಾವು ಎರಡು ಬಿನ್ ಪಕ್ಕಪಕ್ಕ ಇಟ್ಟು, ಹಳೆಯದರ ಮೇಲೆ ಕೆಂಪು ಚೀಟಿಯಲ್ಲಿ “ಇಂಥ ತಿಂಗಳಿಗೆ ಮುಂಚಿನ ಕಾರಿಗೆ ಮಾತ್ರ” ಎಂದು ಬರೆದಿರುತ್ತೇವೆ. ಸಾಫ್ಟ್‌ವೇರಿನಲ್ಲಿ ಹಳೇ ನಂಬರಿನ ಹಿಂದಿನ ಮಾರಾಟವನ್ನು ಹೊಸದಕ್ಕೆ ಸೇರಿಸಬೇಕು. ಸೇರಿಸದಿದ್ದರೆ ಓಡುವ ಮಾಲು ಹೊಸ ನಂಬರಿನಲ್ಲಿ ‘ಯಾರೂ ಕೇಳದ್ದು’ ಎಂದು ಕಾಣುತ್ತದೆ, ಆರ್ಡರ್ ತಪ್ಪುತ್ತದೆ.

ಎಡ-ಬಲದ ತಪ್ಪು ಬಾಡಿ ಪಾರ್ಟ್ಸ್‌ನಲ್ಲಿ ಬಹಳ. ಕಂಪನಿಯ ಎಡ-ಬಲ ಸೀಟಿನಲ್ಲಿ ಕೂತು ಮುಂದೆ ನೋಡುವವನದು. ಮೆಕ್ಯಾನಿಕ್ ಕಾರಿನ ಮುಂದೆ ನಿಂತು ಹೆಡ್‌ಲೈಟ್ ನೋಡುತ್ತಾ “ಎಡಗಡೇದು” ಅಂದರೆ ನಮಗೆ ಅದು ಬಲ. ಹಾಗಾಗಿ ಎಡ-ಬಲ ಎಂಬ ಮಾತನ್ನೇ ಬಿಟ್ಟು, ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂದೇ ಬರೆಯುತ್ತೇವೆ.

ಇಡುವ ರೀತಿ

ಸೊಂಟದಿಂದ ಎದೆಯ ಎತ್ತರದವರೆಗಿನ ಶೆಲ್ಫು ಓಡುವ ಮಾಲಿಗೆ, ಅದೂ ಬಿಲ್ಲಿಂಗ್ ಮೇಜಿನ ಹತ್ತಿರ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ. ಸಾಲು, ರ‍್ಯಾಕ್, ತಟ್ಟು, ಬಿನ್ ಎಂದು ನಾಲ್ಕು ಹಂತದ ವಿಳಾಸ ಪ್ರತಿ ಭಾಗಕ್ಕೂ ಇರಲಿ, ಅದು ಬಿಲ್ಲಿನಲ್ಲೂ ಅಚ್ಚಾಗಲಿ. ಹಾಗಿದ್ದರೆ ನಿನ್ನೆ ಸೇರಿದ ಹುಡುಗನೂ ಭಾಗ ಹುಡುಕಿ ತರಬಲ್ಲ.

ಭಾಗಗಳು ಶೆಲ್ಫಿನಲ್ಲೇ ಕೆಡುತ್ತವೆ ಅನ್ನುವುದು ಹೊಸಬರಿಗೆ ಹೊಳೆಯುವುದಿಲ್ಲ. ಫ್ಯಾನ್ ಬೆಲ್ಟನ್ನು ಮೊಳೆಗೆ ನೇತುಹಾಕಿದರೆ ಮೊಳೆ ತಾಗಿದ ಕಡೆ ಮಡಿಕೆ ಬಿದ್ದು ಒಳಗಿನ ದಾರ ಸೋಲುತ್ತದೆ. ಗ್ಯಾಸ್ಕೆಟ್ ಮಟ್ಟಸವಾಗಿ ಮಲಗಿರಬೇಕು. ಶಾಕ್ ಅಬ್ಸಾರ್ಬರ್ ನಿಂತಿರಬೇಕು, ಬಹಳ ದಿನ ಮಲಗಿದ್ದರೆ ಜೋಡಿಸುವ ಮೊದಲು ನಾಲ್ಕೈದು ಸಲ ಒತ್ತಿ ಎಳೆಯಲು ಮೆಕ್ಯಾನಿಕ್‌ಗೆ ಹೇಳಬೇಕು. ಗಾಜು ಅಂಚಿನ ಮೇಲೆ ನಿಲ್ಲಬೇಕು. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಸದ್ದಿಲ್ಲದೆ ಸೀಳುತ್ತದೆ. ಬಂಪರನ್ನು ಪೇರಿಸಿದರೆ ಬೇಸಿಗೆಯಲ್ಲಿ ಬಳುಕಿ, ಕೂರಿಸುವಾಗ ಕ್ಲಿಪ್ ಹೊಂದುವುದಿಲ್ಲ. ರಬ್ಬರ್ ಬುಷ್, ಬೂಟುಗಳು ಬಿಸಿಲಿಗೂ ಬೀಳಬಾರದು, ಕಂಪ್ರೆಸರ್ ಮೋಟರ್ ಪಕ್ಕದಲ್ಲೂ ಇರಬಾರದು. ಮೋಟರಿನ ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುವ ಅಳತೆಯದು, ನೀರು ಹೀರಿದ ಮೇಲಿನ ಅಳತೆ 155 ಡಿಗ್ರಿ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಇಳಿಯುವವನಿಗೆ ಈ ಅಂತರ ದೊಡ್ಡದು. ಅದಕ್ಕೇ ಸೀಲ್ ಒಡೆದ ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಗ್ಯಾರೇಜಿಗೆ ದೊಡ್ಡ ಡಬ್ಬಿಗಿಂತ ಸಣ್ಣ ಡಬ್ಬಿಯನ್ನೇ ಕೊಡುತ್ತೇವೆ. ಬ್ಯಾಟರಿ ಸುಮ್ಮನೆ ಇಟ್ಟರೂ ಇಳಿಯುತ್ತದೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು, 12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್. ಮೊದಲು ಬಂದದ್ದು ಮೊದಲು ಹೋಗಬೇಕು, ಅದಕ್ಕಾಗಿ ಬಂದ ತಿಂಗಳ ಬಣ್ಣದ ಚುಕ್ಕೆ ಪ್ರತಿ ಬ್ಯಾಟರಿ ಮೇಲೂ ಇದೆ.

ಜಿಲ್ಲೆಯ ನೀರಿನ ವಿಷಯ ಇಲ್ಲೇ ಹೇಳಬೇಕು. ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್‌ವೆಲ್ ನೀರು ಗಡಸು. ಕೂಲಂಟ್ ಕಮ್ಮಿ ಆದಾಗ ಅದೇ ನೀರು ಸುರಿದರೆ ರೇಡಿಯೇಟರ್ ಒಳಗೆ ಗಾರೆ ಕಟ್ಟುತ್ತದೆ, ವಾಟರ್ ಪಂಪ್ ಸೀಲ್ ತಿನ್ನುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಆ ಭಾಗದ ಬಿಲ್ಲುಗಳಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಹೆಚ್ಚು ಕಂಡಾಗ ನಾವು ಪಂಪ್ ಹೆಚ್ಚು ಕಳಿಸುವುದರ ಜತೆಗೆ ಕೂಲಂಟ್ ಡಬ್ಬಿ ಮತ್ತು ಡಿಸ್ಟಿಲ್ಡ್ ವಾಟರ್ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ಪದ್ಧತಿ ಮಾಡಿದೆವು. ಪಂಪ್ ಮಾರಿದರೆ ನಮಗೆ ಲಾಭ ಹೆಚ್ಚು, ನಿಜ. ಆದರೆ ಒಂದೇ ಕಾರಿಗೆ ವರ್ಷದಲ್ಲಿ ಎರಡು ಸಲ ಪಂಪ್ ಹೋದರೆ ಮಾಲೀಕ ದೂರುವುದು ನೀರನ್ನಲ್ಲ, ಪಂಪನ್ನು.

ಆರ್ಡರ್, ಕ್ಲೇಮು, ಉದ್ರಿ

ಡಿಪೊಗೆ ಎರಡು ಬಗೆಯ ಆರ್ಡರ್. ವಾರದ ಸ್ಟಾಕ್ ಆರ್ಡರಿಗೆ ರಿಯಾಯಿತಿ ಹೆಚ್ಚು. ಕಾರು ನಿಂತಿದೆ ಎಂದು ಹಾಕುವ ತುರ್ತು ಆರ್ಡರಿಗೆ ಕಮ್ಮಿ, ಸಾಗಣೆಯೂ ದುಬಾರಿ. ತುರ್ತು ಆರ್ಡರ್ ಹೆಚ್ಚಾದರೆ ಮಾರಾಟ ಚೆನ್ನಾಗಿದೆ ಎಂದಲ್ಲ, ಸ್ಟಾಕ್ ಲೆಕ್ಕ ತಪ್ಪಿದೆ ಎಂದರ್ಥ. ತುರ್ತಿನಲ್ಲಿ ಎರಡು ಸಲ ತರಿಸಿದ ಭಾಗ ಮೂರನೇ ಸಲ ಸ್ಟಾಕ್ ಆರ್ಡರಿನಲ್ಲಿ ಇರಬೇಕು.

ಮಾಲು ಇಳಿಯುವಾಗ ಎಲ್.ಆರ್. (ಲಾರಿ ರಸೀದಿ) ಮೇಲೆ ಸಹಿ ಹಾಕುವ ಮೊದಲು ಪೆಟ್ಟಿಗೆ ಎಣಿಸಿ, ಜಜ್ಜಿದ್ದು ಕಂಡರೆ ಅದರ ಮೇಲೆಯೇ ಬರೆಯಬೇಕು. “ಸರಿಯಾಗಿ ತಲುಪಿದೆ” ಎಂದು ಸಹಿ ಮಾಡಿದ ಮೇಲೆ ಕ್ಲೇಮು ನಿಲ್ಲುವುದಿಲ್ಲ. ಹೆಡ್‌ಲೈಟಿನಲ್ಲಿ ಗಾಜು ಸರಿ ಇದ್ದರೂ ಹಿಂದಿನ ಪ್ಲಾಸ್ಟಿಕ್ ಕಿವಿ ಮುರಿದಿರುತ್ತದೆ, ಪೆಟ್ಟಿಗೆ ತೆರೆದು ನಾಲ್ಕೂ ಕಿವಿ ಮುಟ್ಟಿ ನೋಡಬೇಕು. ತೆರೆಯುವುದರ ವಿಡಿಯೊ ಇರಲಿ, ಪೆಟ್ಟಿಗೆಯ ಲೇಬಲ್ ಮೊದಲು ಕಾಣುವ ಹಾಗೆ, ನಡುವೆ ನಿಲ್ಲಿಸದ ಹಾಗೆ.

ಉದ್ರಿ ಕೊಡದೆ ಈ ವ್ಯಾಪಾರ ಇಲ್ಲ. ಮಿತಿ ಇಲ್ಲದೆ ಕೊಟ್ಟರೂ ಇಲ್ಲ. ಗ್ಯಾರೇಜಿನ ಸರಾಸರಿ ಮೂರು ವಾರದ ಖರೀದಿಯೇ ಅವರ ಮಿತಿ. ಹಳೇ ಬಿಲ್ಲು 21 ದಿನ ದಾಟಿದರೆ ಹೊಸದು ನಗದು. ತಿಪಟೂರು, ಗುಬ್ಬಿ ಕಡೆ ಕೊಬ್ಬರಿ ಮಾರಿದ ಮೇಲೆಯೇ ಗ್ಯಾರೇಜಿಗೆ ದುಡ್ಡು ಬರುತ್ತದೆ. ಕೊಬ್ಬರಿ ಧಾರಣೆ ಬಿದ್ದ ವರ್ಷ ರೈತ ಕೊಬ್ಬರಿಯನ್ನು ಅಟ್ಟದಲ್ಲೇ ಇಟ್ಟುಕೊಳ್ಳುತ್ತಾನೆ, ವಸೂಲಿಯೂ ಅಲ್ಲೇ ನಿಲ್ಲುತ್ತದೆ. ಅಂಥ ತಿಂಗಳು ಆ ದಾರಿಯಲ್ಲಿ ಕಟ್ಟುನಿಟ್ಟು ಮಾಡುವ ಬದಲು ವಾರಕ್ಕಿಷ್ಟು ಎಂದು ಸಣ್ಣ ಕಂತು ಕೇಳಿದರೆ ದುಡ್ಡೂ ಬರುತ್ತದೆ, ಸಂಬಂಧವೂ ಉಳಿಯುತ್ತದೆ.

ಹೊರಗಿನ ಗ್ಯಾರೇಜಿಗೆ ಕಂಪನಿ ಭಾಗ ಕೊಡಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಒರಿಜಿನಲ್ ಬಿಡಿಭಾಗ ಮತ್ತು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಾನೂನಿನ ಮಾತು ಬಿಟ್ಟರೂ, ಒರಿಜಿನಲ್ ಸಿಗದ ಊರಿನಲ್ಲಿ ಡೂಪ್ಲಿಕೇಟ್ ಸಿಗುತ್ತದೆ, ಅಷ್ಟೇ. ಡೂಪ್ಲಿಕೇಟ್ ಆಯಿಲ್ ಫಿಲ್ಟರಿನಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ತೆಳುವಾಗಿರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕ್ಷಣಕಾಲ ಒಣಗಿ ತಿರುಗಿ ಕಟಕಟ ಅನ್ನುತ್ತದೆ. ಖಾಲಿ ಒರಿಜಿನಲ್ ಪೆಟ್ಟಿಗೆಗಳನ್ನು ಕೊಂಡು ಒಳಗೆ ಡೂಪ್ಲಿಕೇಟ್ ತುಂಬುವವರಿದ್ದಾರೆ. ಭಾಗ ತೆಗೆದ ತಕ್ಷಣ ಪೆಟ್ಟಿಗೆಯನ್ನು ಲೇಬಲ್ ಮೇಲೆಯೇ ಅಡ್ಡ ಹರಿದು ಎಸೆಯಲು ಪ್ರತಿ ಗ್ಯಾರೇಜಿಗೂ ಹೇಳಿದ್ದೇವೆ, ನಮ್ಮ ಡ್ರೈವರ್ ಹೋದಾಗ ಕಸದ ಬುಟ್ಟಿಯನ್ನೂ ನೋಡಿ ಬರುತ್ತಾನೆ.

ತೆರಿಗೆ ಬಗ್ಗೆ ಚಿಕ್ಕದಾಗಿ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಎಲ್ಲ ಬಿಡಿಭಾಗಕ್ಕೂ ಜಿಎಸ್‌ಟಿ 18%. ಮೊದಲು ಬಹುಪಾಲು ಭಾಗಕ್ಕೆ 28% ಇತ್ತು. ತೆರಿಗೆ ಬಿಟ್ಟು 1,000 ರೂಪಾಯಿಯ ಭಾಗ 1,280ರಿಂದ 1,180ಕ್ಕೆ ಇಳಿಯಿತು. ಹಳೇ ದಾಸ್ತಾನು ಕೊಂಡಾಗ ಕೊಟ್ಟಿದ್ದ 28% ತೆರಿಗೆ ಜಿಎಸ್‌ಟಿ ಲೆಡ್ಜರಿನಲ್ಲಿ ನಮ್ಮ ಜಮೆಯಾಗಿ (ಕ್ರೆಡಿಟ್) ಉಳಿದು, ಮುಂದೆ ಮಾರುವ ಮಾಲಿನ 18% ತೆರಿಗೆಗೆ ನಿಧಾನವಾಗಿ ಕರಗುತ್ತದೆ. ಅಷ್ಟು ದುಡ್ಡು ಕೈಯಲ್ಲಿಲ್ಲ ಎಂದೇ ತಿಳಿದು ಆರ್ಡರ್ ಹಾಕಬೇಕು. ಒಂದು ವ್ಯಾನಿನಲ್ಲಿ ಹತ್ತು ಬಿಲ್ಲಿದ್ದರೂ ಒಬ್ಬನೇ ಗ್ರಾಹಕನ ಬಿಲ್ಲು 50,000 ದಾಟಿದರೆ ಅದಕ್ಕೆ ಇ-ವೇ ಬಿಲ್ (ಸಾಗಣೆಗೆ ಜಿಎಸ್‌ಟಿಯ ಆನ್‌ಲೈನ್ ಪತ್ರ) ಬೇಕು.

ಆಕ್ಸೆಸರಿ

ಆಕ್ಸೆಸರಿಯ ಹಬ್ಬ ಆಯುಧಪೂಜೆ. ಸೀಟ್ ಕವರ್, ಮ್ಯಾಟ್, ಡೋರ್ ವೈಸರ್, ಮಡ್ ಫ್ಲಾಪ್, ಜತೆಗೆ ವೈಪರ್, ಬಲ್ಬು, ಹಾರ್ನ್. ಮಹಾಲಯ ಅಮಾವಾಸ್ಯೆಗೆ ಮೊದಲೇ ಎಲ್ಲ ತಾಲ್ಲೂಕಿನ ಶೆಲ್ಫಿಗೂ ಮಾಲು ಏರಿರಬೇಕು. ಹಬ್ಬದ ಎರಡು ದಿನ ಟ್ರಾನ್ಸ್‌ಪೋರ್ಟ್ ಆಫೀಸುಗಳೂ ಪೂಜೆಗೆ ಬಾಗಿಲು ಹಾಕಿರುತ್ತವೆ. ಬಣ್ಣ ಆರಿಸುವಾಗ ನಮ್ಮ ಇಷ್ಟ ಬೇಡ. ಕೆಂಪು ಮಣ್ಣಿನ ಊರುಗಳಿಗೆ ಬಿಳಿ, ಬೀಜ್ ಮ್ಯಾಟ್ ಕಳಿಸಿದರೆ ಹಬ್ಬ ಮುಗಿದ ಮೇಲೆ ಹಾಗೇ ವಾಪಸ್ ಬರುತ್ತವೆ, ಕಪ್ಪು ಮತ್ತು ಕಂದು ಸಾಕು.

ಆಕ್ಸೆಸರಿ ಮಾರುವವರು ತಾವು ಜೋಡಿಸಿದ್ದಕ್ಕೆ ಹೊಣೆ ಹೊರಬೇಕು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸಾದಾ ಸೀಟ್ ಕವರ್ ಹಾಕಿದರೆ ಅಪಘಾತದಲ್ಲಿ ಬ್ಯಾಗ್ ಹೊರಗೆ ಬರಲು ದಾರಿ ಇರುವುದಿಲ್ಲ. ಆ ಜಾಗದಲ್ಲಿ ಹರಿಯುವಂತೆ ಸಡಿಲ ಹೊಲಿಗೆ ಇರುವ ಕವರ್ ಬೇರೆಯೇ ಬರುತ್ತದೆ, ಕೊಡುವ ಮೊದಲು ಸೀಟಿನ ಅಂಚಿನಲ್ಲಿ ಏರ್‌ಬ್ಯಾಗ್ ಚೀಟಿ ಇದೆಯೇ ನೋಡಿ. ಮುಂದಿನ ಕಬ್ಬಿಣದ ಗಾರ್ಡನ್ನು ನಾವು ಮಾರುವುದಿಲ್ಲ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಡಿಕ್ಕಿಯ ಪೆಟ್ಟು ಏರ್‌ಬ್ಯಾಗ್ ಸೆನ್ಸರ್‌ಗೆ ತಲುಪುವ ರೀತಿಯನ್ನೇ ಬದಲಿಸುತ್ತದೆ. ಎಚ್4 ಬಗೆಯ ಬಲ್ಬಿನ ಹೆಡ್‌ಲೈಟಿಗೆ ಕಂಪನಿ ಕೊಡುವುದು 60/55 ವ್ಯಾಟ್. ಹೆಚ್ಚು ಬೆಳಕು ಬೇಕೆಂದು 100/90 ಹಾಕಿಸಿದವರ ಕಾರಿನಲ್ಲಿ ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ಸ್ವಿಚ್ ಸುಡುತ್ತದೆ. ಹಾಗೆ ಕೇಳುವವರಿಗೆ ರಿಲೇ ಇರುವ ವೈರಿಂಗ್ ಬೇಕು ಎನ್ನುವ ಮೊದಲು ಹೆಡ್‌ಲೈಟಿನ ಮಸುಕಾದ ಹೊರಮೈಯನ್ನು ಪಾಲಿಶ್ ಮಾಡಿಸಿ ನೋಡಿ ಎನ್ನುತ್ತೇವೆ, ಬಹಳಷ್ಟು ಸಲ ಅಷ್ಟೇ ಸಾಕಾಗಿರುತ್ತದೆ.

ರಿವರ್ಸ್ ಕ್ಯಾಮೆರಾ, ಸ್ಟೀರಿಯೊ, ಡ್ಯಾಶ್‌ಕ್ಯಾಮ್ ಜೋಡಿಸುವವರಿಗೆ ಒಂದೇ ಕಟ್ಟಳೆ: ಕಂಪನಿಯ ವೈರ್ ಕತ್ತರಿಸುವ ಹಾಗಿಲ್ಲ. ಆಯಾ ಮಾದರಿಯ ಕಪ್ಲರ್ (ವೈರ್ ಕತ್ತರಿಸದೆ ಸಿಕ್ಕಿಸುವ ಜೋಡಣೆ) ಇರುವ ಕಿಟ್ ಮಾತ್ರ, ಕರೆಂಟು ಫ್ಯೂಸ್ ಬಾಕ್ಸಿನಿಂದ, ತನ್ನದೇ ಫ್ಯೂಸಿನ ಜತೆ. ವೈರ್ ಸೀಳಿ ಟೇಪ್ ಸುತ್ತಿದ ಜೋಡಣೆ ಮೊದಲ ಮಳೆಗಾಲದಲ್ಲೇ ಹಸಿರು ಹಿಡಿಯುತ್ತದೆ, ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತದೆ. ವರ್ಕ್‌ಶಾಪಿನಲ್ಲಿ ಆ ಟೇಪ್ ಕಂಡರೆ ವಾರಂಟಿ ಅಲ್ಲಿಗೆ ನಿಲ್ಲಬಹುದು. ಕಪ್ಲರ್ ಕಿಟ್ ಇಲ್ಲದ ಮಾದರಿಗೆ ಯಾರಾದರೂ ಕೇಳಿದರೆ ಆ ದಿನ ‘ಇಲ್ಲ’ ಎಂದು ಪುಸ್ತಕದಲ್ಲಿ ಬರೆದು, ಕಿಟ್ ಬಂದ ದಿನ ಫೋನ್ ಮಾಡುತ್ತೇವೆ.